ಅರವತ್ತು ಓಂ

ಟೋ ಹಗ್ಗದ ತುದಿಯಲ್ಲಿ ಬಂತು
ಚೌಡಪ್ಪನ ಬಿಳಿ ಟ್ಯಾಕ್ಸಿ, ಸಿದ್ದಾಪುರದ ಗಲ್ಲಿಗೆ,
ನರ್ಸರಿಯ ಸಸಿ ಗಾಡಿ ಸರಿಸಿ, ಮಲಗಿದ್ದ ಹಸು ಎಬ್ಬಿಸಿ.
ಕೀಲಿ ತಿರುವಿದರೆ ದೀಪಗಳೆಲ್ಲ ಹತ್ತುತ್ತವೆ
ಮದುವೆಮನೆಯ ಹಾಗೆ.
ಇಂಜಿನ್ ಮಾತ್ರ ಉಸಿರೆತ್ತುವುದಿಲ್ಲ.

ಸ್ಟೀರಿಂಗ್ ಕೆಳಗೆ ತಲೆ ತೂರಿಸಿ
ಹದಿನಾರು ಹಲ್ಲಿನ ಬಾಯಿಗೆ ಸ್ಕ್ಯಾನರ್ ಚುಚ್ಚಿದೆ.
ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು,
ಕೊನೆಗೆ ಎರಡೇ ಪದ: ಲಿಂಕ್ ಎರರ್.

"ಶೋರೂಮಲ್ಲಿ ಹೇಳಿದ್ರು ಅಕ್ಕಾ,
ಮಿದುಳೇ ಹೋಗಿದೆ, ನಲವತ್ತೆರಡು ಸಾವಿರ."
ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರ ದನಿ ಅದು.

ಮಾತಾಡದವರನ್ನೆಲ್ಲ ಸತ್ತರು ಅನ್ನುವುದು ಸುಲಭ.
ದಾವೂದ್ ಸಾಬರು ಕಲಿಸಿದ ಕ್ರಮ ಬೇರೆ:
ಮೊದಲು ಕೇಳುವವನ ಕಿವಿ ನೋಡು,
ಆಮೇಲೆ ಹೇಳದವನ ಬಾಯಿ.
ಸ್ಕ್ಯಾನರ್ ಕಿತ್ತು ಪಕ್ಕದ ವ್ಯಾನಿಗೆ ಹಾಕಿದೆ;
ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತು,
ಕೇಳದ್ದಕ್ಕೂ.
ಸರಿ, ಕಿವಿ ನೆಟ್ಟಗಿದೆ.

ಹದಿನಾರನೇ ಪಿನ್ನಿನಲ್ಲಿ ಬ್ಯಾಟರಿ, ಹನ್ನೆರಡೂವರೆ.
ನಾಲ್ಕು, ಐದು: ಅರ್ಥಿಂಗ್ ಗಟ್ಟಿ.
ತನ್ವೀರ್ ಬಲ್ಬಿನ ಟೆಸ್ಟರ್ ಚಾಚಿದ, ಕೈಮೇಲೆ ಹೊಡೆದೆ.
ಇಲ್ಲಿ ಓಡುವುದು ಪಿಸುಮಾತು ಕಣೋ,
ಎರಡೂವರೆ ವೋಲ್ಟಿನ ಆಚೀಚೆ.
ದೀಪ ಹಚ್ಚಿ ಕೇಳಿದರೆ ಬಾಯೇ ಸುಟ್ಟೀತು.

ಬ್ಯಾಟರಿ ಕಳಚಿ ಮೀಟರ್ ಹಿಡಿದೆ
ಆರಕ್ಕೊಂದು ಕಡ್ಡಿ, ಹದಿನಾಲ್ಕಕ್ಕೊಂದು.
ಗೋಡೆಯ ಮೇಲೆ ಸಾಬರು ಕೆಂಪು ಪೇಂಟಿನಲ್ಲಿ ಬರೆದದ್ದು ಇನ್ನೂ ಇದೆ:
೬೦ ಓಂ.
ಜುಮ್ಮಾ ನಮಾಜು ಮುಗಿಸಿ ಬಂದು ಬರೆದದ್ದು.
ಕೆಲವು ಗಿರಾಕಿಗಳು ಅದಕ್ಕೆ ಕೈಮುಗಿದದ್ದೂ ಉಂಟು.
ಎರಡು ತುದಿಗೆ ನೂರಿಪ್ಪತ್ತರ ಒಂದೊಂದು ಕಾವಲು,
ಇಬ್ಬರೂ ಇದ್ದರೆ ಅರವತ್ತು.
ಒಂದು ಹೋದರೆ ಲೆಕ್ಕ ಕಮ್ಮಿಯಾಗುವುದಿಲ್ಲ,
ದುಪ್ಪಟ್ಟಾಗುತ್ತದೆ.
ಗಂಡ ಹೋದ ವರ್ಷವೇ ಇದು ನನಗೆ ಅರ್ಥವಾಗಿತ್ತು.

ಮೀಟರು ಹೇಳಿತು: ನೂರಹತ್ತೊಂಬತ್ತು.

ಕಾರ್ಪೆಟ್ ಎತ್ತಿ, ಹೆಣೆದ ಎಳೆಗಳ ಹಿಂದೆ ಬೆರಳು ಹೊರಟಿತು.
ಒಂದು ಏರಿದರೆ ಇನ್ನೊಂದು ಇಳಿಯುತ್ತದೆ,
ಮಾತಿರುವುದು ನಡುವಿನ ಅಂತರದಲ್ಲಿ.
ಸ್ಪಾರ್ಕಿನ ಚಟಪಟ, ವೈಪರ್ ಮೋಟರಿನ ಗೊಣಗು,
ಗಲ್ಲಿಯ ಮೇಲೆ ಜೋತ ತಂತಿಗಳ ಗುಂಯ್
ಎರಡನ್ನೂ ಒಂದೇ ಸಮ ಮುಟ್ಟುತ್ತವೆ,
ಕಳೆದರೆ ಸೊನ್ನೆ.
ಅದಕ್ಕೇ ಜಡೆ ಹಾಕಿರುವುದು.

ಗ್ಲೋವ್ ಬಾಕ್ಸಿನ ಹಿಂದೆ, ಎಡಗಂಬದ ಬುಡದಲ್ಲಿ
ಜಡೆ ಒಂದು ಗೇಣು ಬಿಚ್ಚಿತ್ತು.
ಅಲ್ಲೊಂದು ನೀಲಿ ಟೇಪಿನ ಗಂಟು.
ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಸುತ್ತುವವರು
ಆಗ ಇಡೀ ಸಿದ್ದಾಪುರದಲ್ಲಿ ನಾನೊಬ್ಬಳೇ.

ಮೂರು ವರ್ಷದ ಹಿಂದೆ, ಇಲಿ ಕಡಿದಿತ್ತು.
ರಾತ್ರಿ ಹತ್ತು. ಬೆಸುಗೆ ಕಡ್ಡಿ ಕಾಯುವ ತನಕ
ಕಾಯುವ ತಾಳ್ಮೆ ಇರಲಿಲ್ಲ.
ಅವನಿಗೆ ಏರ್‌ಪೋರ್ಟ್ ಟ್ರಿಪ್ಪು, ನನಗೆ ಮನೆ.
ತಿರುಚಿ, ಸುತ್ತಿ, "ಹೊರಡು" ಅಂದಿದ್ದೆ.
ಬಿಚ್ಚಿದರೆ ಒಳಗೆ ಹಸಿರು ಕಿಲುಬು,
ತಾಮ್ರ ಪುಡಿಪುಡಿ.

ಈ ಸಲ ಕಡ್ಡಿ ಕಾಯಲು ಬಿಟ್ಟೆ. ಕತ್ತರಿಸಿದೆ, ಬೆಸೆದೆ,
ಮತ್ತೆ ಜಡೆ ಹಾಕಿದೆ, ಬಿಗಿಯಾಗಿ.
ಸ್ಕ್ಯಾನರಿಗೆ ಇಂಜಿನ್ ತನ್ನ ಹದಿನೇಳಕ್ಷರದ ಹೆಸರು ಹೇಳಿತು.
ಬ್ರೇಕು, ಏರ್‌ಬ್ಯಾಗು, ಮೀಟರ್‌ಬೋರ್ಡು,
ಒಬ್ಬೊಬ್ಬರೂ ಬರೆದಿಟ್ಟಿದ್ದ ದೂರು ಒಂದೇ:
ಅವನ ಮಾತು ನಮಗೆ ಬರುತ್ತಿಲ್ಲ.

"ಏನಾಗಿತ್ತಕ್ಕಾ?"
ನಲವತ್ತೆರಡು ಸಾವಿರ ಇನ್ನೂ ಚೌಡಪ್ಪನ ಮುಖದ ಮೇಲೆ.
ಇಲಿಯ ಮೇಲೆ ಹಾಕಬಹುದಿತ್ತು, ಮಳೆನೀರಿನ ಮೇಲೂ.
ತನ್ವೀರ್ ನೆಲದ ಮೇಲಿನ ನೀಲಿ ಟೇಪನ್ನೇ ನೋಡುತ್ತಿದ್ದ,
ಮಡಚಿ ಸುತ್ತುವುದು ಈಗ ಅವನಿಗೂ ಬರುತ್ತದೆ.

"ನಾನು ಹಾಕಿದ ಗಂಟು," ಅಂದೆ.
ಅಷ್ಟರಲ್ಲಿ ಗಲ್ಲಿಯ ಬಾಯಲ್ಲಿ ಟೆಂಪೋ ಹಾರನ್ ಹೊಡೆಯಿತು.
"ಏನಂದ್ರಿ?" ಅಂದ.

ಇನ್ನೊಂದು ಸಲ ಹೇಳಬೇಕಾಯಿತು.